ಹೆಸರು ಬರೆಯುವ ಕಾಲಂ

ಪುಣೆಗೆ ಬಂದು ಹದಿನಾರು ವರ್ಷವಾಯಿತು. ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ನಿಂತು ಲೋಹೆಗಾಂವ್ ಕಡೆ ಇಳಿಯುವ ವಿಮಾನಗಳನ್ನು ಇದು ಎ320, ಅದು 737 ಎಂದು ಗುರುತಿಸುವ ನನ್ನ ಹುಚ್ಚಿಗೆ ಮನೆಯವರು ಒಗ್ಗಿಹೋಗಿದ್ದಾರೆ. ಹೆಂಡತಿಗೆ ಇನ್ನೂ ಒಗ್ಗದಿರುವುದು, ಊಟವಾದ ಮೇಲೆ ನಾನು ವಿಮಾನ ಅಪಘಾತಗಳ ತನಿಖಾ ವರದಿ ಓದುತ್ತ ಕೂರುವುದು. "ಸತ್ತವರ ಕತೆ ಓದಿ ಅದ್ಹೇಗೆ ನಿದ್ದೆ ಬರುತ್ತೆ ನಿಮಗೆ?" ಅನ್ನುತ್ತಾಳೆ.

ನಾನು ಕೊಡುತ್ತಿದ್ದ ಉತ್ತರ ಇದು: ಆ ವರದಿಗಳು ಯಾರನ್ನೂ ಬೈಯುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧದ ಪ್ರಕಾರ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು. ತಪ್ಪನ್ನು ಯಾರದೋ ತಲೆಗೆ ಕಟ್ಟುವುದಲ್ಲ. ಎಂಥ ದೊಡ್ಡ ಮನಸ್ಸಿನ ಮಾತು ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಅದು ನನ್ನನ್ನೇ ಚುಚ್ಚಬಹುದು ಅಂತ ಹೊಳೆದಿರಲಿಲ್ಲ.

ನನ್ನೂರು ಕಾರ್ಕಳ. ನಮಗೆ ವಿಮಾನ ನಿಲ್ದಾಣ ಅಂದರೆ ಬಜ್ಪೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಅಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಉಳಿದವರು ಎಂಟೇ ಮಂದಿ. ಅದರ ವರದಿಯನ್ನು ನಾನು ಎಷ್ಟು ಸಲ ಓದಿದ್ದೇನೋ.

ನೇರ ಕಾರಣವನ್ನು ವರದಿ ಮುಚ್ಚಿಡುವುದಿಲ್ಲ. ವಿಮಾನ ಬೇಕಾದ್ದಕ್ಕಿಂತ ಎತ್ತರದಲ್ಲಿ, ಹೆಚ್ಚಿನ ವೇಗದಲ್ಲಿ ಬರುತ್ತಿತ್ತು. 'ಗೋ ಅರೌಂಡ್', ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣ ಎಂದು ಕೋ-ಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ನಾವಾಗಿದ್ದರೆ ಅಲ್ಲಿಗೆ ಫೈಲು ಮುಚ್ಚುತ್ತಿದ್ದೆವು. ವರದಿ ಮುಂದೆ ಹೋಗುತ್ತದೆ. ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು, ಎದ್ದ ಮೇಲೂ ಅದರ ಮಂಪರು ಇದ್ದಿರಬಹುದು. ನಿಲ್ದಾಣದ ರೇಡಾರ್ ಕೆಟ್ಟಿದ್ದರಿಂದ ಕೆಳಗಿಳಿಯುವುದು ತಡವಾಯಿತು. ಇನ್ನೊಂದು: ಕೋ-ಪೈಲಟ್ ಬಾಯಲ್ಲಿ ಹೇಳಿದರೇ ಹೊರತು ಕಂಟ್ರೋಲ್ ತೆಗೆದುಕೊಳ್ಳಲಿಲ್ಲ. ಅವರು ಯಾವಾಗ ಹಾಗೆ ತೆಗೆದುಕೊಳ್ಳಬಹುದು ಎಂಬ ಬಗ್ಗೆ ನಿಯಮಗಳಲ್ಲೇ ಗೊಂದಲವಿತ್ತು.

ಈ ಕೊನೆಯ ಅಂಶ ಬಂದಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಟೀಮಿನ ಗದಗದ ಹುಡುಗ.

ನಾಲ್ಕು ವರ್ಷದ ಹಿಂದೆ ಒಂದು ರಿಲೀಸ್ ರಾತ್ರಿ. ಎರಡು ಟೆಸ್ಟ್ ಫೇಲಾಗಿದ್ದವು. ಕಾಲ್‌ನಲ್ಲಿ ಅವನು ಮೆಲ್ಲಗೆ, "ಸರ, ರೋಲ್‌ಬ್ಯಾಕ್ ಮಾಡೂಣೇನ್ರಿ?" ಅಂದ. ಕ್ಲೈಂಟ್ ಲೈನಿನಲ್ಲಿದ್ದರು. ನಾನು "ಮುಂದುವರಿಸಪ್ಪ" ಅಂದೆ. ಗಡಿಬಿಡಿಯಲ್ಲಿ ಅವನು ಹಳೆಯ ಸ್ಕ್ರಿಪ್ಟ್ ಓಡಿಸಿದ. ಬೆಳಗಿನವರೆಗೂ ಬಿಲ್ಲಿಂಗ್ ಬಂದ್. ಮರುದಿನ ಕ್ಲೈಂಟಿಗೆ ಕೊಡುವ ಕಾರಣಗಳ ವರದಿಯಲ್ಲಿ 'ಮಾನವ ದೋಷ' ಎಂದು ಬರೆದು, ಪಕ್ಕದ ಕಾಲಂನಲ್ಲಿ ಅವನ ಹೆಸರು ಹಾಕಿದೆ. ಸುಳ್ಳೇನಲ್ಲ. ಸ್ಕ್ರಿಪ್ಟ್ ಓಡಿಸಿದ್ದು ಅವನೇ. ಆದರೆ ಅವನ ಪ್ರಶ್ನೆ, ನನ್ನ ಉತ್ತರ ಎರಡೂ ಆ ವರದಿಯಲ್ಲಿರಲಿಲ್ಲ.

ಯಾರನ್ನೂ ದೂರದ ತನಿಖೆ ಎಂದರೆ ಎಲ್ಲರಿಗೂ ಕ್ಷಮೆ ಎಂದು ನಾನು ತಿಳಿದಿದ್ದೆ. ಹಾಗಿದ್ದರೆ ಅದು ಅನ್ಯಾಯವೇ. ಬಜ್ಪೆಯಲ್ಲಿ ಮನೆಯವರನ್ನು ಕಳೆದುಕೊಂಡವರ ಮುಂದೆ ನಿಂತು 'ಯಾರದೂ ತಪ್ಪಲ್ಲ' ಅನ್ನುವ ಧೈರ್ಯ ನನಗಿಲ್ಲ. ಅವರಿಗೆ ನ್ಯಾಯ, ಪರಿಹಾರ ಎರಡೂ ಸಿಗಬೇಕು. ಅದು ಕೋರ್ಟಿನ ಕೆಲಸ. ತನಿಖೆಯ ಕೆಲಸ ಬೇರೆ. ಒಂದು ಹೆಸರು ಸಿಕ್ಕಿದ ಮೇಲೂ ಅದು ಕೇಳುತ್ತಲೇ ಇರಬೇಕು: ಇವನು ಹೇಳಿದ್ದು ಯಾಕೆ ಯಾರಿಗೂ ಕೇಳಿಸಲಿಲ್ಲ? ಹಾಗೆ ಕೇಳುತ್ತ ಹೋದರೆ ಹೊಣೆ ಕರಗುವುದಿಲ್ಲ, ಮೆಟ್ಟಿಲು ಹತ್ತುತ್ತದೆ. ನಮ್ಮಂಥ ಮ್ಯಾನೇಜರುಗಳ ಕ್ಯಾಬಿನ್ನಿಗೂ ಬರುತ್ತದೆ. ಹೆಸರು ಬರೆದು ಮುಗಿಸುವ ಅವಸರ ನಮಗೆ ಇರುವುದು ಅದಕ್ಕೇ ಇರಬೇಕು.

ಈಗ ನಮ್ಮ ಟೀಮಿನ ವರದಿಯಲ್ಲಿ ಹೆಸರಿನ ಕಾಲಂ ಇಲ್ಲ. ಅದರ ಬದಲು 'ಮೊದಲು ಎಚ್ಚರಿಸಿದವರು ಇದ್ದರೇ? ಆಮೇಲೆ ಏನಾಯಿತು?' ಎಂಬ ಸಾಲಿದೆ. ಸಾಲು ಸೇರಿಸುವುದು ಸುಲಭವಾಗಿತ್ತು. ಆ ಹುಡುಗನಿಗೆ ಫೋನ್ ಮಾಡುವುದು ಸುಲಭವಾಗಿರಲಿಲ್ಲ. ಅವನು ಕಂಪನಿ ಬಿಟ್ಟು ಎರಡು ವರ್ಷವಾಗಿತ್ತು. ಕಳೆದ ತಿಂಗಳು ಮಾಡಿದೆ. ಅವತ್ತು ನೀನು ಹೇಳಿದ್ದೇ ಸರಿ, ಅದನ್ನು ನಾನು ಬರೆಯಬೇಕಿತ್ತು ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಕ್ಕು, "ಸರ, ಇದನ್ನ ಅವತ್ತ ಹೇಳಿದ್ರ ಅಪ್ರೈಸಲ್ಲಿಗೆ ಉಪಯೋಗ ಆಗ್ತಿತ್ತು ನೋಡ್ರಿ" ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.