ಈ ಖರ್ಚು ಯಾವ ಲೆಕ್ಕಕ್ಕೆ?

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಬಿಲ್ಲುಗಳ ನಡುವೆಯೇ ಕಳೆದ ನಮಗೆ ಒಂದು ಚಟ ಅಂಟಿಕೊಂಡಿದೆ. ಯಾರು ಎಲ್ಲಿ ಹಣ ತೆತ್ತರೂ ‘ಇದು ಯಾವ ಲೆಕ್ಕಕ್ಕೆ?’ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಗುಮಾಸ್ತನ ಪ್ರಶ್ನೆಯೆಂದು ಓದುಗರು ನಗಬಹುದು. ಆದರೆ ಅದರೊಳಗೂ ಧರ್ಮಜಿಜ್ಞಾಸೆ ಅಡಗಿರಬಹುದೆಂಬ ಅನುಮಾನಕ್ಕೆ ಬೀಜ ಬಿದ್ದದ್ದು 2018ರ ಮಳೆಗಾಲದಲ್ಲಿ.

ಒಂದು ಸಂಜೆ ನಮ್ಮ ಮುಂಬಯಿಯ ಸಂಘಕ್ಕೆ ಫೋನು ಬಂತು. ಉಪನಗರದಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳ ಮೇಲೆ ಅತ್ಯಾಚಾರವಾಗಿದೆ, ಆಕೆಗೂ ಗಂಡನಿಗೂ ಕನ್ನಡವಲ್ಲದೆ ಬೇರೆ ಭಾಷೆ ಬಾರದು, ಯಾರಾದರೂ ಬರಬೇಕು. ನಾವೂ ನಮ್ಮ ಶ್ರೀಮತಿಯೂ ಹೊರಟೆವು. ನಡೆದದ್ದರ ವಿವರ ಇಲ್ಲಿ ಬೇಡ. ಹತ್ತಿರದ ಖಾಸಗಿ ಆಸ್ಪತ್ರೆಯವರು ಒಳಗೆ ಕರೆಯುವ ಮೊದಲೇ ನಾಲ್ಕು ಸಾವಿರ ರೂಪಾಯಿ ಠೇವಣಿ ಕೇಳಿದ್ದರು. ಗಂಡ ಸಾಲಕ್ಕಾಗಿ ಮುಕಾದಮನನ್ನು ಹುಡುಕಿಕೊಂಡು ಹೋಗಿದ್ದ. ಮೈ ತೊಳೆಯಬೇಡ, ಬಟ್ಟೆ ಬದಲಿಸಬೇಡ ಎಂದು ಯಾರೋ ನರ್ಸ್ ಹೇಳಿದ್ದರಿಂದ ಆಕೆ ಎರಡೂವರೆ ಗಂಟೆಯಿಂದ ಹಾಗೆಯೇ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ನಮ್ಮವರು ಪಕ್ಕದಲ್ಲಿ ಕುಳಿತು ಕೈ ಹಿಡಿದಾಗ ಆಕೆ ಆಡಿದ ಮೊದಲ ಮಾತು: “ಅಕ್ಕಾ, ಇದಕ್ಕ ಎಷ್ಟ ರೊಕ್ಕ ಆಗ್ತದ್ರಿ?”

ಸಂಘದ ನೆರವು ನಿಧಿಯಿಂದ ಹಣ ಕಟ್ಟಿದೆವು. ಮುಂದಿನ ಸಮಿತಿ ಸಭೆಯಲ್ಲಿ ಖಜಾಂಚಿಗಳು, ಇದನ್ನು ಯಾವ ಲೆಕ್ಕಕ್ಕೆ ಹಾಕಲಿ ಎಂದು ಕೇಳಿದರು. ‘ಧರ್ಮಾರ್ಥ’ ಎಂದು ನಾವೇ ಬರೆಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮಗೂ ಹೆಮ್ಮೆಯೆನಿಸಿತು, ಸುಳ್ಳೇಕೆ?

ಅದು ಧರ್ಮಾರ್ಥವಲ್ಲವೆಂದು ತಿಳಿದದ್ದು ಬಹಳ ತಡವಾಗಿ, ಕಚೇರಿಯ ಮಿತ್ರರೊಬ್ಬರ ಮೇಜಿನ ಮೇಲಿದ್ದ ಕಾನೂನು ಪುಸ್ತಕ ತಿರುವಿದಾಗ. 2013ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 357-ಸಿ ಎಂಬ ಕಲಮು ಸೇರಿತ್ತು. ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಅತ್ಯಾಚಾರಕ್ಕೊಳಗಾದವರಿಗೆ ಪ್ರಥಮ ಚಿಕಿತ್ಸೆಯನ್ನೋ ವೈದ್ಯಕೀಯ ಚಿಕಿತ್ಸೆಯನ್ನೋ ಕೂಡಲೇ, ಉಚಿತವಾಗಿ ಕೊಡಬೇಕು. ಕೊಡದಿದ್ದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಸಜೆಯಾಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ 397ನೆಯ ಕಲಮು. ಅಂದರೆ ಕೇಳಕೂಡದ ಹಣವನ್ನು ನಾವು ಪುಣ್ಯವೆಂದು ಭಾವಿಸಿ ಕೊಟ್ಟು ಬಂದಿದ್ದೆವು.

ಆ ಮಿತ್ರರು ಒಪ್ಪಲಿಲ್ಲ. “ಅನುಕಂಪ ಸರಿ. ಆದರೆ ಎಲ್ಲ ದುಃಖಕ್ಕೂ ತೆರಿಗೆದಾರನೇ ಹಣ ತೆರಬೇಕೇನ್ರೀ?” ಎಂದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ಕಾಲೊನಿಯಲ್ಲಿ ಒಮ್ಮೆ ಕಳ್ಳತನವಾದಾಗ ಬೆರಳಚ್ಚಿನವರು ಬಂದು ಬೀರುವಿಗೆಲ್ಲ ಪುಡಿ ಬಳಿದು ಹೋದರು. ಆ ಪುಡಿಯ ಬೆಲೆಯನ್ನು ಮನೆಯವರಿಂದ ಯಾರೂ ಕೇಳಲಿಲ್ಲ. ಕೊಲೆಯಾದವನ ಶವಪರೀಕ್ಷೆಗೆ ಅವನ ಹೆಂಡತಿ ಠೇವಣಿ ಕಟ್ಟುವುದಿಲ್ಲ. ಸತ್ತವನಿಗಿರುವ ಈ ಸೌಕರ್ಯ ಬದುಕಿ ಉಳಿದವಳಿಗೇಕೆ ಬೇಡ? ಇಲ್ಲಿ ಆಕೆಯ ದೇಹವೇ ಪಂಚನಾಮೆಯ ಸ್ಥಳ. ಬಿ.ಎಸ್‌ಸಿ. ಓದಿದ್ದು ನಮಗೆ ಕಚೇರಿಯಲ್ಲಿ ಎಂದೂ ಉಪಯೋಗಕ್ಕೆ ಬಂದದ್ದಿಲ್ಲ. ಆದರೂ ಇಷ್ಟು ಗೊತ್ತು: ಬಟ್ಟೆಯನ್ನು ಗಾಳಿಯಲ್ಲಿ ಆರಿಸಿ ಕಾಗದದ ಲಕೋಟೆಗೆ ಹಾಕಬೇಕು, ಪ್ಲಾಸ್ಟಿಕ್ಕಿನಲ್ಲಿ ತೇವ ನಿಂತರೆ ಬೂಷ್ಟು ಹಿಡಿದು ಗುರುತು ಅಳಿಯುತ್ತದೆ. ಮೈಮೇಲಿನ ಗುರುತು ಗಂಟೆಗಂಟೆಗೂ ಕರಗುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಇಂಥ ಸಾಕ್ಷ್ಯ ಸಂಗ್ರಹಕ್ಕೆ ಹೇಳುವ ಅವಧಿ 96 ಗಂಟೆ. ಅದರಲ್ಲಿ ಎರಡೂವರೆ ಗಂಟೆ ನಾಲ್ಕು ಸಾವಿರ ರೂಪಾಯಿ ಹುಡುಕುವುದರಲ್ಲೇ ಹೋಗಿತ್ತು.

ಸಾಕ್ಷ್ಯ ದಾಖಲಾಗದಿದ್ದರೆ ಏನಾಗುತ್ತದೆಂದು ಮುಂಬಯಿ ಕನ್ನಡಿಗರಿಗೆ ಬೇರೆ ಹೇಳಬೇಕಿಲ್ಲ. ಹೊನ್ನಾವರದ ಹಳದೀಪುರದಿಂದ ಬಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಹಲ್ಲೆ ನಡೆಯಿತು. ಅಪರಾಧಿಗೆ ಹಲ್ಲೆ ಮತ್ತು ದರೋಡೆಗಾಗಿ ಏಳು ವರ್ಷ ಶಿಕ್ಷೆಯಾಯಿತು. ಲೈಂಗಿಕ ಅಪರಾಧಕ್ಕಾಗಿ ಆಗಲಿಲ್ಲ. ಆಸ್ಪತ್ರೆಯ ದಾದಿಯರು ಮಾತ್ರ 2015ರಲ್ಲಿ ಆಕೆ ತೀರಿಕೊಳ್ಳುವವರೆಗೆ, ನಾಲ್ಕು ದಶಕ ಮೀರಿ, ಮಗುವಿನಂತೆ ನೋಡಿಕೊಂಡರು.

ಹಾಗಾದರೆ ಈ ಖರ್ಚು ತನಿಖೆಯ ಲೆಕ್ಕಕ್ಕೆ ಎಂದು ಷರಾ ಬರೆದು ಫೈಲು ಮುಚ್ಚಬಹುದೆ? ನಾವೂ ಹಾಗೆಂದೇ ತಿಳಿದಿದ್ದೆವು. ಆದರೆ ಆಕೆಗೆ ದೂರು ಕೊಡುವ ಮನಸ್ಸಿಲ್ಲದಿದ್ದರೆ? ತನಿಖೆಯಿಲ್ಲದಿದ್ದರೆ ಬಿಲ್ಲು ಆಕೆಯ ತಲೆಗೇ ಬೀಳಬೇಕೆ? ಅಮೆರಿಕದವರಿಗೂ ಈ ತೊಡಕು ಎದುರಾಗಿತ್ತು. ಕೇಂದ್ರದ ಅನುದಾನ ಬೇಕಾದರೆ ರಾಜ್ಯಗಳು ಈ ಪರೀಕ್ಷೆಯ ವೆಚ್ಚವನ್ನು ಆಕೆಯ ಮೇಲೆ ಹೊರಿಸಕೂಡದೆಂದು 1994ರಲ್ಲಿ ಅಲ್ಲಿ ಕಾನೂನಾಯಿತು. ಆಕೆ ಪೊಲೀಸರೊಡನೆ ಸಹಕರಿಸಲಿ ಬಿಡಲಿ, ಪರೀಕ್ಷೆ ಉಚಿತವೇ ಎಂಬ ಮಾತು ಸೇರಿದ್ದು 2005ರ ತಿದ್ದುಪಡಿಯಲ್ಲಿ. ಇದು ನಮಗೆ ಸರಿಯೆನಿಸುತ್ತದೆ. ನಾಳೆ ಆಕೆಯ ಮನಸ್ಸು ಬದಲಾದೀತು. ಗುರುತುಗಳು ನಾಳೆಯವರೆಗೆ ಕಾಯವು.

ನಮ್ಮ ಕಾನೂನಿನಲ್ಲೂ ಗುಮಾಸ್ತನ ಕಣ್ಣಿಗೆ ಬೀಳುವ ಕೊರತೆಯೊಂದುಂಟು. ಖಾಸಗಿ ಆಸ್ಪತ್ರೆ ಉಚಿತವಾಗಿ ಮಾಡಬೇಕೆನ್ನುವ ಆ ಕಲಮಿನಲ್ಲಿ ಅದರ ವೆಚ್ಚವನ್ನು ಯಾರು ತುಂಬಿಕೊಡಬೇಕೆಂಬ ಮಾತಿಲ್ಲ. ಹೀಗಿರುವಾಗ ‘ಸರ್ಕಾರಿ ಆಸ್ಪತ್ರೆಗೆ ಹೋಗಿ’ ಎಂದು ಮೆಲ್ಲನೆ ಸಾಗಹಾಕುವ ಆಸೆ ಹುಟ್ಟುವುದು ಸಹಜ. ಖಜಾನೆ ತೆರಬೇಕಾದದ್ದನ್ನು ಖಜಾನೆಯೇ ತೆರಲಿ.

ಅದೇ ವರ್ಷ ರಾಜ್ಯೋತ್ಸವದ ದಿನ ಆಕೆಯ ಗಂಡ ಸಂಘದ ಬಾಗಿಲಿಗೆ ಬಂದಿದ್ದ. ಐದು ನೂರು ರೂಪಾಯಿ ಚಾಚಿ, ಉಳಿದದ್ದನ್ನು ತಿಂಗಳು ತಿಂಗಳು ಮುಟ್ಟಿಸುತ್ತೇನೆಂದ. ಬೇಡಪ್ಪಾ, ಇದು ಸಂಘದ ಸಹಾಯ ಎಂದು ಹಿಂತಿರುಗಿಸಿದೆವು. ಅವನು ಕೈಮುಗಿದು ಹೋದ. ಅದು ಅವನ ಸಾಲವೂ ಅಲ್ಲ, ನಮ್ಮ ಸಹಾಯವೂ ಅಲ್ಲವೆಂದು ಹೇಳಲು ಆಗ ನಮಗೇ ತಿಳಿದಿರಲಿಲ್ಲ. ಈಗ ಹೇಳೋಣವೆಂದರೆ ಅವರು ಊರಿಗೆ ಮರಳಿದ್ದಾರೆ, ವಿಳಾಸ ನಮ್ಮಲ್ಲಿಲ್ಲ. ಸಂಘದ ಪುಸ್ತಕದಲ್ಲಿ ಇಂದಿಗೂ ‘ಧರ್ಮಾರ್ಥ’ ಎಂದೇ ಇದೆ.