ರೋಗಿಯ ಹಾಸಿಗೆಯ ಬಳಿ ಆಡುವ ಮಾತು

ಮನೆಯಲ್ಲಿ ಒಬ್ಬರು ಬೇನೆ ಬಿದ್ದರೆ ಆ ಮನೆಯ ಭಾಷೆಯೂ ಬದಲಾಗುವದು. ಜಮಖಂಡಿಯ ಸೀಮೆಯಲ್ಲಿ ಸಣ್ಣ ಜ್ವರಕ್ಕೆ "ಆರಾಮ ಇಲ್ಲ" ಎನ್ನುವರು. ಬೇನೆ ಬಲಿತರೆ "ಜಡ್ಡು ಬಿದ್ದಾರ" ಎನ್ನುವರು. ಆದರೆ ರೋಗಿಯನ್ನು ದೊಡ್ಡ ದವಾಖಾನೆಗೆ ಸೇರಿಸಿದ ಕೂಡಲೆ ಈ ಮಾತುಗಳು ಬಾಗಿಲ ಹೊರಗೇ ಉಳಿಯುವವು. ಒಳಗೆ ಸೀರಿಯಸ್, ಕ್ರಿಟಿಕಲ್, ಸ್ಟೇಬಲ್, ಐ.ಸಿ.ಯು., ವೆಂಟಿಲೇಟರ್ ಎಂಬ ಇಂಗ್ಲಿಷ್ ಶಬ್ದಗಳದೇ ಆಳಿಕೆ. ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲಿಯೂ ಅವು ಸಲೀಸಾಗಿ ಬರುವವು. ಪರಭಾಷೆಯ ಶಬ್ದಗಳನ್ನು ಬಳಸಬಹುದೋ ಬಾರದೋ ಎಂಬುದು ವ್ಯಾಕರಣದ ಪ್ರಶ್ನೆಯು. ಕಠಿಣವಾದ ಬೇನೆಯಲ್ಲಿರುವ ಬಂಧುವಿನ ಎದುರಿಗೆ, ಅವನಿಗೆ ತಿಳಿಯದ ಮಾತಿನಲ್ಲಿ ಅವನ ವಿಷಯವನ್ನೇ ಆಡಬಹುದೋ ಎಂಬುದು ಧರ್ಮದ ಪ್ರಶ್ನೆಯು.

ಮೊದಲು ಈ ಶಬ್ದಗಳಿಗೆ ಸಲ್ಲತಕ್ಕ ನ್ಯಾಯವನ್ನು ಸಲ್ಲಿಸಬೇಕು. ಡಾಕ್ಟರ್ ವಾನ್‌ಲೆಸ್ಸರು 1894ರಲ್ಲಿ ಮಿರಜಿನಲ್ಲಿ ಮಿಶನ್ ದವಾಖಾನೆಯನ್ನು ಸ್ಥಾಪಿಸಿದರು. ಜಮಖಂಡಿ ಮಿರಜಗಳೆರಡೂ 1948ರ ವರೆಗೆ ಪಟವರ್ಧನ ಮನೆತನದವರ ಸಂಸ್ಥಾನಗಳಾಗಿದ್ದವು. ಈ ಭಾಗದ ರೋಗಿಗಳು ಇಂದಿಗೂ ಆ ಊರಿನ ದಾರಿಯನ್ನು ಹಿಡಿಯುವದುಂಟು. ಅಲ್ಲಿಯ ವೈದ್ಯರ ಮಾತು ಮರಾಠಿ, ರೋಗಿಯ ಮಾತು ಕನ್ನಡ, ಉಪಚಾರ ಮಾಡುವ ನರ್ಸಿನ ಮಾತು ಇನ್ನೊಂದು ಆಗಿರಬಹುದು. ಜಮಖಂಡಿಯಲ್ಲಿ ಬರೆದ ಚೀಟಿಯು ಮಿರಜಿನಲ್ಲಿಯೂ ವಿಜಯಪುರದಲ್ಲಿಯೂ ಬೆಂಗಳೂರಿನಲ್ಲಿಯೂ ಒಂದೇ ಅರ್ಥವನ್ನು ಕೊಡಬೇಕಾದರೆ ಒಂದು ಸಾಮಾನ್ಯ ಪರಿಭಾಷೆಯು ಬೇಕೇ ಬೇಕು. ಅಲ್ಲದೆ ಈ ಶಬ್ದಗಳು ಹುಟ್ಟಿನಿಂದ ನಿರ್ದಯವಾದವುಗಳೂ ಅಲ್ಲ. ಹಾಸ್ಪಿಟಲ್ ಎಂಬುದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಅತಿಥಿ ಎಂಬ ಅರ್ಥವಿದೆ. ಪೇಶಂಟ್ ಎಂದರೆ ತಾಳಿಕೊಳ್ಳುವವನು. ಕ್ರಿಟಿಕಲ್ ಎಂಬುದರ ಬೇರಿನಲ್ಲಿರುವ ಗ್ರೀಕ್ ಶಬ್ದವು ನಿರ್ಣಯವನ್ನು ಸೂಚಿಸುವದು. ಬೇನೆಯು ಬದುಕಿನ ಕಡೆಗೋ ಸಾವಿನ ಕಡೆಗೋ ಹೊರಳುವ ಗಳಿಗೆಯನ್ನು ಪ್ರಾಚೀನ ಗ್ರೀಕ್ ವೈದ್ಯರು ಹಾಗೆ ಕರೆದರು. ಆದುದರಿಂದ ದೋಷವು ಶಬ್ದದಲ್ಲಿಲ್ಲ, ಬಳಕೆಯಲ್ಲಿದೆ.

ಬನಹಟ್ಟಿಯ ಒಬ್ಬ ನೇಕಾರನು ತನ್ನ ಮುಪ್ಪಿನ ತಾಯಿಯನ್ನು ಪರಊರಿನ ದವಾಖಾನೆಗೆ ಒಯ್ದಿರುವನೆಂದು ಭಾವಿಸಿರಿ. ಬಂಧುಗಳು ಬಸ್ಸು ಹತ್ತಿ ಬರುವರು, ಬಾಳೆಯ ಹಣ್ಣುಗಳನ್ನು ತರುವರು, ಮಂಚದ ಕಾಲ್ದೆಸೆಯಲ್ಲಿ ನಿಂತು ಮಗನನ್ನು ಕೇಳುವರು: "ಕಂಡೀಶನ್ ಹ್ಯಾಂಗೈತಿ?" ಮಗನು ಹೇಳುವನು: "ಸ್ಟೇಬಲ್ ಐತಂತ." ಡಾಕ್ಟರರ ಮಾತಿನ ತಾತ್ಪರ್ಯವು ನಿನ್ನೆಗಿಂತ ಇಂದು ಸ್ಥಿತಿಯು ಕೆಟ್ಟಿಲ್ಲ ಎಂಬಷ್ಟೇ. ಒಬ್ಬಳೇ ರೋಗಿಯು ಕ್ರಿಟಿಕಲ್ ಆಗಿಯೂ ಸ್ಟೇಬಲ್ ಆಗಿಯೂ ಇರಬಹುದು. ಆದರೆ ಬಂದವರು ಅದನ್ನು ಗುಣವಾಯಿತೆಂದು ಕೇಳಿ ಸಮಾಧಾನದಿಂದ ಊರಿಗೆ ಮರಳುವರು. ಇತ್ತ ಮುದುಕಿಗೆ ಶಬ್ದಗಳು ತಿಳಿಯದಿದ್ದರೂ ಮುಖಗಳು ತಿಳಿಯುವವು. ಸೊಸೆಯ ಕಣ್ಣು ಕೆಂಪಾದುದನ್ನೂ, ಮಗನ ದನಿಯು ತಗ್ಗಿದುದನ್ನೂ ಅವಳು ಕಾಣುವಳು. ಅವಳಿಗೂ ಹೇಳಬೇಕಾದ ಮಾತುಗಳಿದ್ದಾವು: ಬನಶಂಕರಿಗೆ ಹೊತ್ತ ಹರಕೆಯಾಗಲಿ, ತೀರದೆ ಉಳಿದ ಕೈಗಡವಾಗಲಿ, ಮಾತು ಬಿಟ್ಟ ತಮ್ಮನನ್ನು ಒಮ್ಮೆ ಕರೆಸಬೇಕೆಂಬ ಆಸೆಯಾಗಲಿ. ಆದರೆ ಎಲ್ಲರೂ "ಏನೂ ಆಗಿಲ್ಲ" ಎನ್ನುತ್ತಿರುವಾಗ ಕೊನೆಯ ಮಾತನ್ನು ಆಕೆ ಯಾರ ಮುಂದೆ ತೆಗೆಯಬೇಕು?

ಇದಕ್ಕೆ ಎದುರಾಗಿ ಒಂದು ವಾದವುಂಟು, ಅದು ತೂಕವುಳ್ಳದ್ದು. ಅಶುಭವನ್ನು ಬಾಯಿ ಬಿಟ್ಟು ಆಡಬಾರದೆಂಬುದು ಹಿರಿಯರ ನಡೆ. ಧೈರ್ಯವೇ ಅರ್ಧ ಔಷಧವೆಂಬುದು ಲೋಕಾನುಭವ. ಸಾವೆಂಬ ಶಬ್ದವನ್ನು ನುಡಿಯಲಾರದ ಮಗನು ಸೀರಿಯಸ್ ಎಂಬ ಶಬ್ದವನ್ನು ಮರೆಮಾಡಿಕೊಂಡರೆ ಅದು ಕಪಟವಲ್ಲ, ಪ್ರೀತಿಯೇ. ಇದನ್ನು ಒಪ್ಪಬೇಕು. ಆದರೆ ಕೇಳದವರಿಗೆ ಹೇಳದಿರುವದು ಬೇರೆ, ಕೇಳಲಿಕ್ಕೆ ಆಸ್ಪದವನ್ನೇ ಕೊಡದಿರುವದು ಬೇರೆ. ಮೊದಲನೆಯದು ದಯೆಯು, ಎರಡನೆಯದು ಜೀವಂತವಿರುವವರನ್ನು ಲೆಕ್ಕದಿಂದ ತೆಗೆದು ಹಾಕುವದು. ರೋಗಿಗೆ ತಕ್ಕಷ್ಟು ತಿಳಿಸಿ ಹೇಳಿದ ಮೇಲೆ ದೊರೆತ ಒಪ್ಪಿಗೆಯೇ ನಿಜವಾದ ಒಪ್ಪಿಗೆಯೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸಮೀರಾ ಕೊಹ್ಲಿಯವರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕಾಯದೆಯು ವೈದ್ಯರಿಂದ ಬಯಸುವದನ್ನು ಹೊಟ್ಟೆಯ ಮಕ್ಕಳಿಂದ ಬಯಸುವದು ಹೆಚ್ಚಿನ ಮಾತೇನೂ ಅಲ್ಲ.

ಈ ಸೀಮೆಯ ಕವಿಯೇ ಇಂಥ ಒಂದು ಭೇಟಿಯನ್ನು ಚಿತ್ರಿಸಿದ್ದಾನೆ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಶರಶಯ್ಯೆಯ ಮೇಲಿರುವ ಭೀಷ್ಮನನ್ನು ಕಾಣಲು ಹೋಗುವನು. ಅಲ್ಲಿ ಮಲಗಿದವನ ಸ್ಥಿತಿಯು ಯಾರಿಗೂ ಗುಟ್ಟಲ್ಲ, ಅವನಿಗಂತೂ ಅಲ್ಲ. ಆದರೂ ಅವನ ಹಿರಿತನವು ಕುಂದಿಲ್ಲ. ಬಂದವನಿಗೆ ಬುದ್ಧಿ ಹೇಳುವವನು ಅವನೇ, ಪಾಂಡವರೊಡನೆ ಸಂಧಿಯಾಗಲೆಂದು ಬಯಸುವವನೂ ಅವನೇ. ದುರ್ಯೋಧನನು ನಮಸ್ಕರಿಸಿದನು, ಮಾತಾಡಿದನು. ಸಂಧಿಯ ಮಾತಿಗೆ ಮಾತ್ರ ಕಿವಿಗೊಡಲಿಲ್ಲ. ಅವನು ಅಜ್ಜನಿಂದ ಸತ್ಯವನ್ನು ಮುಚ್ಚಿಡಲಿಲ್ಲ. ಅಜ್ಜನು ನುಡಿದ ಸತ್ಯವನ್ನು ಹೊಗಿಸಿಕೊಳ್ಳಲಿಲ್ಲ. ದವಾಖಾನೆಯ ಭೇಟಿಗಳಲ್ಲಿಯೂ ಕೊರತೆಯಾಗುವದು ಬಹುಶಃ ಇದೇ. ಹೋಗುವವರು ಅನೇಕರು, ಕೇಳುವವರು ಕೆಲವರು.

ರೋಗಿಯ ಆರೈಕೆಗೆ ಕನ್ನಡದಲ್ಲಿ ಶುಶ್ರೂಷೆಯೆಂಬ ಹೆಸರುಂಟಷ್ಟೆ. ಸಂಸ್ಕೃತದಲ್ಲಿ ಆ ಶಬ್ದದ ಮೊದಲ ಅರ್ಥವು ಕೇಳಬೇಕೆಂಬ ಇಚ್ಛೆ. ಸೇವೆಯೆಂಬ ಅರ್ಥವು ಅದರಿಂದ ಬೆಳೆದು ಬಂದದ್ದು. ಔಷಧ ಕುಡಿಸುವದಕ್ಕೆ ಮುಂಚೆ ಕಿವಿಗೊಡಬೇಕೆಂಬ ಉಪದೇಶವು ಹೆಸರಿನೊಳಗೇ ಅಡಗಿದೆ. ಆದುದರಿಂದ ಮಗನು ಡಾಕ್ಟರರಿಂದ ಇಂಗ್ಲಿಷ್ ಶಬ್ದಗಳನ್ನು ಕಲಿಯಲಿ, ಅವುಗಳ ಅರ್ಥವನ್ನು ನಾಚದೆ ಕೇಳಿಕೊಳ್ಳಲಿ. ವೆಂಟಿಲೇಟರೆಂದರೆ ಉಸಿರಾಡಿಸುವ ಯಂತ್ರವೆಂದು ತಿಳಿದ ಮೇಲೆ ಅದನ್ನು ತಾಯಿಗೆ ತಿಳಿಸುವದು ಕಷ್ಟವಲ್ಲ. ಎಲ್ಲವನ್ನೂ ಒಂದೇ ಸಲ ಸುರಿಯಬೇಕಾಗಿಯೂ ಇಲ್ಲ. ಕುರ್ಚಿಯನ್ನು ಕಾಲ್ದೆಸೆಯಿಂದ ತಲೆದೆಸೆಗೆ ಸರಿಸಿ, "ಯವ್ವಾ, ಡಾಕ್ಟರ್ ಹೇಳಿದ್ದನ್ನ ಹೇಳ್ಲೇನು? ನಿನಗೇನರ ಹೇಳೂದೈತೇನು?" ಎಂದು ಕೇಳಿದರೆ ಸಾಕು. ಅವಳು "ಬ್ಯಾಡ" ಎಂದರೆ ಆ ಮೌನವು ಅವಳದಾಗುವದು. "ಹೇಳಪ್ಪಾ" ಎಂದರೆ ಆ ಸತ್ಯವು ಅವಳದಾಗುವದು. ಎರಡರಲ್ಲಿಯೂ ಅವಳು ಮಂಚದ ಮೇಲಿನ ಒಂದು ಕೇಸಾಗಿರದೆ ತಾಯಿಯಾಗಿಯೇ ಇರುವಳು.