ಸಾಕುಪ್ರಾಣಿಯ ಚಿತ್ರಕ್ಕೆ ಬೆಲೆ ಏನು?

ಸಾಕಿದ ನಾಯಿ ಬೆಕ್ಕುಗಳ ಚಿತ್ರ ಬರೆಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದು ನಗರಗಳಲ್ಲಿ ಈಗ ಅಪರೂಪವೇನಲ್ಲ. ಮನುಷ್ಯರಿಗೇ ಹೊಟ್ಟೆಗಿಲ್ಲದಿರುವಾಗ ನಾಯಿಗೆ ತೈಲಚಿತ್ರವೇ ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಅದನ್ನು ನಕ್ಕು ತಳ್ಳಿಹಾಕದೆ ಕೊಂಚ ವಿಚಾರ ಮಾಡಬೇಕು.

ಇದು ಪರದೇಶದಿಂದ ಬಂದ ಷೋಕಿ ಎಂಬ ಮಾತಂತೂ ಸರಿಯಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕಲ್ಲೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಅಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ, ಮೆಚ್ಚಿದೆ, ಬೇಕಾದ್ದನ್ನು ಕೇಳು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಮುಂದೆ ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಆ ಕಾಳಗವನ್ನೇ ಕಲ್ಲಿನಲ್ಲಿ ಕೆತ್ತಿಸಿ, ದೇವಾಲಯದ ಮುಂದೆ ನಿಲ್ಲಿಸಿ, ಪೂಜೆಗೆಂದು ಭೂಮಿ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ತಗಲುವುದೆಂದೂ ಬರೆಸಿದರು.

ಕಾಳಿಯನ್ನು ಸಾವಿನ ಬಾಯಿಗೆ ಬಿಟ್ಟವನು ಒಡೆಯನೇ ಅಲ್ಲವೇ, ಹಾಗಿರುವಾಗ ಇದು ಪ್ರೀತಿಯೋ ಒಡೆತನದ ಹೆಮ್ಮೆಯೋ ಎಂದು ಯಾರಾದರೂ ಕೇಳಬಹುದು. ಎರಡೂ ಬೆರೆತಿದ್ದವೆಂದೇ ನನ್ನ ಎಣಿಕೆ. ನಮ್ಮ ಪ್ರೀತಿಯೂ ಅಷ್ಟೇನೂ ಶುದ್ಧವಲ್ಲ. ಆದರೆ ಆ ಕಲ್ಲಿನ ವಿಶೇಷ ಬೇರೆ: ಅದು ಬದುಕಿರುವವನ ಮೇಲೆ ದಿನನಿತ್ಯದ ಒಂದು ಕರ್ತವ್ಯವನ್ನು ಹೊರಿಸಿತು.

ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವನ್ನು ಇಟ್ಟು ನೋಡಿ. ಗ್ರಾಮಫೋನಿನ ಮುಂದೆ ಕಿವಿಗೊಟ್ಟು ಕುಳಿತ ನಾಯಿ ನಮ್ಮ ಹಿರಿಯರ ಮನೆಯ ಪ್ಲೇಟುಗಳ ಮೇಲೆಲ್ಲ ಇತ್ತು. ಅದರ ಹೆಸರು ನಿಪ್ಪರ್. 1895ರಲ್ಲಿ ಅದು ಸತ್ತ ಮೇಲೆ ಫ್ರಾನ್ಸಿಸ್ ಬರಾಡ್ ಎಂಬ ಚಿತ್ರಕಾರ ಅದನ್ನು ಬರೆದ. 1899ರಲ್ಲಿ ಗ್ರಾಮಫೋನ್ ಕಂಪನಿ ಚಿತ್ರವನ್ನು ಕೊಂಡಿತು. ಮೊದಲಿದ್ದ ಫೋನೋಗ್ರಾಫನ್ನು ಅಳಿಸಿ ಅದೇ ಜಾಗದಲ್ಲಿ ತನ್ನ ಯಂತ್ರವನ್ನು ಬರೆಸಿತು. ಮನೆಯ ನಾಯಿ ವ್ಯಾಪಾರದ ಮುದ್ರೆಯಾಯಿತು. ಚಿತ್ರ ಚೆನ್ನಾಗಿಯೇ ಇದೆ. ಆದರೆ ನೋಡಿದವನಿಂದ ಅದು ಬೇಡಿದ್ದು ಪ್ಲೇಟಿನ ಹಣವನ್ನು ಮಾತ್ರ.

ನಾಯಿ ಲೋಕವನ್ನು ಅರಿಯುವುದು ಹೆಚ್ಚಾಗಿ ಮೂಗಿನಿಂದ. ತನ್ನ ಚಿತ್ರದ ಅಂದಚಂದ ಅದಕ್ಕೆ ಬೇಕಿಲ್ಲ. ಸತ್ತ ಮೇಲಂತೂ ಕೇಳುವುದೇ ಬೇಡ. ಆದಕಾರಣ ಚಿತ್ರದ ಬೆಲೆಯನ್ನು ಹುಡುಕಬೇಕಾದದ್ದು ನಮ್ಮ ನಡತೆಯಲ್ಲಿ.

ನಮ್ಮ ನಾಗಪುರದಲ್ಲಿ ಎತ್ತುಗಳ ಹಬ್ಬವಾದ ಪೋಳಾದ ಮರುದಿನ ತಾನ್ಹಾ ಪೋಳಾ ನಡೆಯುತ್ತದೆ. ಮಕ್ಕಳು ಮರದ ಎತ್ತುಗಳನ್ನು ಸಿಂಗರಿಸಿ ತರುತ್ತಾರೆ. ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಯನ್ನು ಬಲ್ಲವರಿಗೆ ಇದು ಹೊಸದೆನಿಸದು. ಬಾರುಕೋಲು ಹಿಡಿಯುವ ವಯಸ್ಸಿಗೆ ಮೊದಲೇ ಆ ಕೈ ಎತ್ತಿನ ಗೊಂಬೆಗೆ ಪೂಜೆ ಮಾಡಿರುತ್ತದೆ.

ನನ್ನ ಸಹೋದ್ಯೋಗಿಯೊಬ್ಬರು ಸತ್ತ ನಾಯಿಯ ಚಿತ್ರ ಬರೆಸಿ ತಮ್ಮ ತಂದೆಯವರ ಫೋಟೋದ ಪಕ್ಕದಲ್ಲಿ ತೂಗುಹಾಕಿದರು. ಮನೆಯಲ್ಲಿ ಅದೇ ದೊಡ್ಡ ತಕರಾರಾಯಿತು. ತಂದೆಗೆ ಸಲ್ಲಬೇಕಾದ ಗೌರವ ನಾಯಿಯ ಚಿತ್ರದಿಂದ ಕಡಿಮೆಯಾಗದು ಎಂದು ನನಗನ್ನಿಸುತ್ತದೆ. ಗೌರವ ಹಂಚಿದರೆ ಮುಗಿಯುವ ವಸ್ತುವಲ್ಲ. ಆದರೆ ಹಣ ಹಂಚಿದರೆ ಮುಗಿಯುತ್ತದೆ. ಆದ್ದರಿಂದ ಪ್ರಾಣಿ ಬದುಕಿದ್ದಾಗ ಔಷಧಕ್ಕೆ ಹಿಂದೆಮುಂದೆ ನೋಡಿ, ಸತ್ತ ಮೇಲೆ ಚಿತ್ರಕ್ಕೆ ಸಾವಿರಗಟ್ಟಲೆ ಸುರಿದರೆ ಅದನ್ನು ಪ್ರೀತಿಯೆನ್ನುವುದು ಕಷ್ಟ.

ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಗೋಡೆಯ ಮೇಲಿನ ಚಿತ್ರವನ್ನು ನೋಡಿದವರು ಗೇಟಿನ ಹೊರಗೆ ಬೀದಿಯ ಪ್ರಾಣಿಗಳಿಗೆ ಒಂದು ಬೋಗುಣಿ ನೀರಿಟ್ಟರೆ, ಆ ಚಿತ್ರಕ್ಕೆ ಕೊಟ್ಟ ಹಣ ಸಾರ್ಥಕ.